ಆಫ್ ಮಾಡಿದ ಮೇಲೂ ತೊಟ್ಟಿಕ್ಕುವ ಪೆಟ್ರೋಲು

‘ಕಾರ್ಬೊರೇಟರ್ ಹೋಗಿದೆ ಸರ್, ಹೊಸದು ಹಾಕ್ಸಿಬಿಡಿ.’

ಬೆಂಗಳೂರಲ್ಲಿ ಹಳೇ ಕಾರು ಇಟ್ಕೊಂಡಿರೋ ಎಲ್ಲರೂ ಈ ಮಾತು ಕೇಳಿರ್ತಾರೆ. ನನ್ನ ಪದ್ಮಿನಿಗೆ ಎರಡು ಗ್ಯಾರೇಜುಗಳಲ್ಲಿ ಇದನ್ನೇ ಹೇಳಿದರು. ಇಬ್ಬರೂ ಏರ್ ಫಿಲ್ಟರಿನ ಮುಚ್ಚಳ ಕೂಡ ತೆಗೆದಿರಲಿಲ್ಲ. ಒಬ್ಬರಂತೂ ಬಾನೆಟ್ ಎತ್ತಿ, ಮೂಗಿಂದ ವಾಸನೆ ಎಳೆದು, ಹನ್ನೆರಡು ಸಾವಿರ ಅಂದರು. ಮೂಗಿಗೆ ಅಷ್ಟು ಫೀಸು!

ಕಾಯಿಲೆ ಇಷ್ಟೇ: ಗಾಡಿ ಓಡಿಸ್ಕೊಂಡು ಬಂದು ಆಫ್ ಮಾಡ್ತೀರಿ. ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಆಗಲ್ಲ. ಪೆಟ್ರೋಲ್ ವಾಸನೆ ಬರುತ್ತೆ. ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆದರೆ ಕಪ್ಪು ಹೊಗೆ ಉಗುಳಿ ಎದ್ದೇಳುತ್ತೆ. ಮೆಕ್ಯಾನಿಕ್ಕುಗಳು ಇದಕ್ಕೆ ‘ಓವರ್‌ಫ್ಲೋ’ ಅಂತಾರೆ. ಹೆಸರು ಸರಿಯಾಗಿದೆ. ಆದರೆ ಓವರ್‌ಫ್ಲೋ ಅನ್ನೋದು ಲಕ್ಷಣ, ಕಾರಣ ಅಲ್ಲ. ನನ್ನ ತಕರಾರು ಶುರುವಾಗೋದೇ ಇಲ್ಲಿಂದ.

ಕಾರ್ಬೊರೇಟರಿನ ಒಳಗೆ ಒಂದು ಪುಟ್ಟ ಬಟ್ಟಲು, ಅದರಲ್ಲೊಂದು ಫ್ಲೋಟ್. ಪೆಟ್ರೋಲ್ ತುಂಬಿದಂತೆ ಫ್ಲೋಟ್ ಮೇಲೆದ್ದು ಒಂದು ಸೂಜಿಯನ್ನ ಒತ್ತಿ ಒಳದಾರಿ ಮುಚ್ಚುತ್ತೆ. ನಿಮ್ಮ ಮನೆ ಮೇಲಿನ ನೀರಿನ ಟ್ಯಾಂಕಲ್ಲಿ ಇರೋದೂ ಇದೇ ವ್ಯವಸ್ಥೆ. ಟ್ಯಾಂಕ್ ತುಂಬಿ ಹರಿದರೆ ಯಾರಾದರೂ ಹೊಸ ಟ್ಯಾಂಕ್ ತರ್ತಾರಾ? ವಾಲ್ವ್ ನೋಡ್ತಾರೆ.

ಇನ್ನೊಂದು ಕಾರಣ ಬಿಸಿ. ಎಂಜಿನ್ ಆಫ್ ಆದ ತಕ್ಷಣ ಫ್ಯಾನೂ ನಿಂತಿತು, ನೀರಿನ ಓಟವೂ ನಿಂತಿತು, ಆದರೆ ಕಬ್ಬಿಣದ ಕಾವು ಎಲ್ಲಿಗೆ ಹೋಗತ್ತೆ? ಮೇಲಕ್ಕೇ ಏರತ್ತೆ. ಒಲೆಯ ಉರಿ ತೆಗೆದ ಮೇಲೂ ಕೆಂಡದ ಮೇಲಿನ ಹಾಲು ಉಕ್ಕುತ್ತಲ್ಲ, ಹಾಗೆ. ಪೆಟ್ರೋಲಿನ ಹಗುರ ಅಂಶಗಳು ಸುಮಾರು 40 ಡಿಗ್ರಿಗೇ ಕುದಿಯೋಕೆ ಶುರು. ಬಟ್ಟಲಲ್ಲಿದ್ದದ್ದು ಉಕ್ಕಿ ನಾಝಲ್ ಮೂಲಕ ಮ್ಯಾನಿಫೋಲ್ಡಿಗೆ ಸುರಿಯುತ್ತೆ. ಇಲ್ಲಿ ಕಾರ್ಬೊರೇಟರ್ ಯಾವ ತಪ್ಪೂ ಮಾಡಿಲ್ಲ. ಅದರ ಬುಡದಲ್ಲಿರೋ ಶಾಖ ತಡೆಯುವ ದಪ್ಪ ಪ್ಯಾಕಿಂಗ್ ಹಾಳಾಗಿರಬಹುದು, ಇಲ್ಲವೇ ಯಾರೋ ಪುಣ್ಯಾತ್ಮರು ಹಿಂದಿನ ಸರ್ವೀಸಲ್ಲಿ ಅದನ್ನ ಬಿಟ್ಟೇ ಜೋಡಿಸಿರಬಹುದು. ಹೊಸ ಕಾರ್ಬೊರೇಟರ್ ಹಾಕಿದರೂ ಅದೂ ಉಕ್ಕುತ್ತೆ.

ಎರಡನ್ನೂ ಬೇರೆ ಮಾಡೋಕೆ ಬೇಕಿರೋದು ಒಂದು ಟಾರ್ಚು, ಸ್ವಲ್ಪ ತಾಳ್ಮೆ. ಬೆಳಿಗ್ಗೆ ತಣ್ಣಗಿರೋ ಎಂಜಿನನ್ನ ಒಂದು ನಿಮಿಷ ಓಡಿಸಿ ಆಫ್ ಮಾಡಿ. ಫಿಲ್ಟರ್ ತೆಗೆದು ಕಾರ್ಬೊರೇಟರಿನ ಬಾಯಿಯೊಳಗೆ ಟಾರ್ಚ್ ಬಿಡಿ. (ಲೈಟರ್ ಅಲ್ಲ, ಮೊಬೈಲ್ ಟಾರ್ಚ್ ಆದೀತು. ಬೀಡಿ ಹಚ್ಚಿಕೊಂಡು ಬಗ್ಗಿ ನೋಡೋ ಮೆಕ್ಯಾನಿಕ್ಕನ್ನ ಕಣ್ಣಾರೆ ಕಂಡಿದ್ದೇನೆ.) ತಣ್ಣಗಿದ್ದಾಗಲೂ ತೊಟ್ಟಿಕ್ಕಿದರೆ ಬಿಸಿಯ ತಪ್ಪಲ್ಲ. ಸೂಜಿ ಸವೆದಿದೆ, ಇಲ್ಲವೇ ಕಸ ಸಿಕ್ಕಿದೆ, ಇಲ್ಲವೇ ಫ್ಲೋಟ್ ತೂತಾಗಿ ಒಳಗೆ ಪೆಟ್ರೋಲ್ ತುಂಬಿ ಮುಳುಗಿದೆ. ಫ್ಲೋಟನ್ನ ಕಿವಿ ಹತ್ತಿರ ಅಲ್ಲಾಡಿಸಿದರೆ ಒಳಗಿನ ಪೆಟ್ರೋಲ್ ಸದ್ದು ಕೇಳತ್ತೆ. ಬಿಸಿಯಾದಾಗ ಮಾತ್ರ ತೊಟ್ಟಿಕ್ಕಿದರೆ ಇನ್ನೊಂದು ಹೆಜ್ಜೆ: ಆಫ್ ಮಾಡಿದ ತಕ್ಷಣ ಪಂಪಿನಿಂದ ಬರೋ ರಬ್ಬರ್ ಪೈಪಿಗೆ ಕ್ಲಾಂಪ್ ಹಾಕಿ ಅದುಮಿ. ತೊಟ್ಟಿಕ್ಕೋದು ನಿಂತರೆ, ಪೈಪಲ್ಲಿ ಉಳಿದ ಪೆಟ್ರೋಲು ಕಾವಿಗೆ ಹಿಗ್ಗಿ, ಸರಿಯಾಗಿ ಕೂರದ ಸೂಜಿಯನ್ನ ತಳ್ಳಿ ಬರ್ತಾ ಇದೆ ಅಂತ. ನಿಲ್ಲದಿದ್ದರೆ ಬಟ್ಟಲೇ ಕುದೀತಿದೆ. ಏನೂ ತೊಟ್ಟಿಕ್ಕದೆ, ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಒಣಗಿದ್ದರೆ, ಅದು ಓವರ್‌ಫ್ಲೋ ಅಲ್ಲವೇ ಅಲ್ಲ. ಪೆಟ್ರೋಲೇ ಬರ್ತಿಲ್ಲ.

ನನ್ನ ಪದ್ಮಿನಿಯಲ್ಲಿ ಇದ್ದದ್ದು ಸೂಜಿ. ತುದಿಯಲ್ಲಿ ಉಗುರಿಗೆ ಸಿಗುವಷ್ಟು ಒಂದು ಗೆರೆ. ಕೆಲವು ನೂರು ರೂಪಾಯಿಯ ಕಿಟ್‌ನಲ್ಲಿ ಮುಗೀತು.

‘ಈಗಿನ ಪೆಟ್ರೋಲೇ ಸರಿಯಿಲ್ಲ, ಎಲ್ಲಾ ಎಥನಾಲ್ ಮಹಿಮೆ’ ಅನ್ನೋದು ಹೊಸ ಸೋಮಾರಿತನ. 20% ಎಥನಾಲ್ ಹಳೇ ರಬ್ಬರನ್ನ ತಿನ್ನುತ್ತೆ, ನಿಜ. ಹಾಗಿದ್ದರೆ ಪೈಪ್ ನೋಡಿ, ಫಿಲ್ಟರ್ ನೋಡಿ, ರಬ್ಬರ್ ಚೂರು ಸೂಜಿಯ ಕೆಳಗೆ ಕೂತಿದೆಯಾ ನೋಡಿ. ಎಥನಾಲನ್ನ ಬೈಯೋದು ಸುಲಭ, ಬಗ್ಗಿ ನೋಡೋದು ಕಷ್ಟ.

ಇದು ಬರೀ ದುಡ್ಡಿನ ಮಾತಲ್ಲ. ಒಳಗೆ ಸುರಿದ ಪೆಟ್ರೋಲು ಸಿಲಿಂಡರಿನ ಗೋಡೆ ತೊಳೆದು ಆಯಿಲಿಗೆ ಇಳಿಯುತ್ತೆ. ಡಿಪ್‌ಸ್ಟಿಕ್ ಎಳೆದು ಮೂಸಿ, ಮಟ್ಟ ಏರಿದ್ದು, ಪೆಟ್ರೋಲ್ ವಾಸನೆ ಬಂದರೆ ಆ ಆಯಿಲಲ್ಲಿ ಗಾಡಿ ಓಡಿಸಬೇಡಿ, ಬೇರಿಂಗ್ ಹೋಗುತ್ತೆ. ಹೊರಗೆ ಸುರಿದರೆ ಬೆಂಕಿ. ನಮ್ಮ ಲೇಔಟಿನ ನಿವೃತ್ತ ಮೇಷ್ಟ್ರೊಬ್ಬರು ಇದೇ ಬೆಂಕಿಯ ಭಯಕ್ಕೆ, ಮಕ್ಕಳ ಮಾತು ಕೇಳಿ, ಮೂವತ್ತು ವರ್ಷ ಜತೆಗಿದ್ದ ಮಾರುತಿ 800ನ್ನ ಗುಜರಿಗೆ ಕೊಟ್ಟರು. ಭಯ ಸುಳ್ಳಲ್ಲ. ಆದರೆ ಮೂರು ಗ್ಯಾರೇಜು ಸುತ್ತಿದರೂ ಪೆಟ್ರೋಲು ಎಲ್ಲಿಂದ ಬರ್ತಿದೆ ಅಂತ ಒಬ್ಬರೂ ತೋರಿಸಿರಲಿಲ್ಲ.

ನಮ್ಮೂರಲ್ಲಿ ಪಂಪ್‌ಸೆಟ್ ನೀರು ಎತ್ತದಿದ್ದರೆ ರಿಪೇರಿಯಣ್ಣ ಮೊದಲು ಫುಟ್‌ವಾಲ್ವ್ ಮೇಲಕ್ಕೆ ಎಳೀತಿದ್ದ. ಒಂದು ಹುಣಸೆ ಎಲೆ ಸಿಕ್ಕಿಕೊಂಡಿರೋದು. ಮೋಟಾರು ಬದಲಿಸು ಅಂದಿದ್ದರೆ ಅವನಿಗೆ ಊರಲ್ಲಿ ಕಾಫಿ ಹುಟ್ಟುತ್ತಿರಲಿಲ್ಲ. ನಾವು ಮಾತ್ರ ಸಾಫ್ಟ್‌ವೇರ್ ಆಫೀಸಲ್ಲಿ ಸರ್ವರ್ ಬಿದ್ದರೆ ರೀಸ್ಟಾರ್ಟ್ ಮಾಡಿ ಟಿಕೆಟ್ ಕ್ಲೋಸ್ ಮಾಡ್ತೀವಿ, ಸಂಜೆ ಗ್ಯಾರೇಜಿಗೆ ಹೋಗಿ ಅದೇ ಸೇವೆಗೆ ಕಾರ್ಡ್ ಉಜ್ಜಿ ಬರ್ತೀವಿ. ಲಾಗ್ ಓದದೆ ಫಿಕ್ಸ್ ಕಳಿಸೋ ಹುಡುಗನ ಮೇಲೆ ರೇಗೋ ಮ್ಯಾನೇಜರುಗಳೇ, ಸ್ವಾಮಿ, ನಿಮ್ಮ ಮೆಕ್ಯಾನಿಕ್ಕಿಗೂ ಆ ಪ್ರಶ್ನೆ ಕೇಳಿ: ತಣ್ಣಗಿದ್ದಾಗ ತೊಟ್ಟಿಕ್ಕುತ್ತಾ, ಇಲ್ಲವಾ? ನೋಡಿಲ್ಲ ಅಂದರೆ ಬೀಗದಕೈ ಇಸ್ಕೊಂಡು ಬನ್ನಿ.