ಸೆಮಿನರಿ ಓದಿನ ಲೆಕ್ಕ ಯಾರು ಕೊಡಬೇಕು?

ಪಿಯುಸಿ ರಿಸಲ್ಟು ಬಂದ ಮೇಲೆ ಹಾಸ್ಟೆಲುಗಳಲ್ಲಿ ಒಂದೇ ಮಾತು: ಮುಂದೇನು? ಬಿ.ಎ.ಯೋ, ಐ.ಟಿ.ಐ.ಯೋ, ನರ್ಸಿಂಗೋ? ಹೋಳೂರು, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಚರ್ಚಿಗೆ ಹೋಗುವ ನಮ್ಮ ಮನೆಗಳ ಮಕ್ಕಳಿಗೆ ಇನ್ನೊಂದು ದಾರಿಯೂ ಕಾಣುತ್ತೆ. ಅದು ಸೆಮಿನರಿ. ನಮ್ಮ ಜಿಲ್ಲೆಯ ಬಂಗಾರಪೇಟೆಯಲ್ಲೇ ಸೌತ್ ಇಂಡಿಯಾ ಬಿಬ್ಲಿಕಲ್ ಸೆಮಿನರಿ ಇದೆ. ಬೆಂಗಳೂರಿನಲ್ಲಂತೂ ಬೇಕಾದಷ್ಟಿವೆ. ಕೇರಿಯ ಹುಡುಗ ಬಿಳೀ ನಿಲುವಂಗಿ ಹಾಕಿ ನಿಂತರೆ ಅವ್ವನಿಗೆ ಹಿಗ್ಗು. ಆ ಹಿಗ್ಗನ್ನು ನಾವು ಹಂಗಿಸುವುದಿಲ್ಲ. ಆದರೆ ಸೇರುವ ಮುಂಚೆ ಕೇಳಲೇಬೇಕಾದ ಮಾತೊಂದಿದೆ: ಅಲ್ಲಿ ಸಿಗುವ ಡಿಗ್ರಿ ಯಾರ ಡಿಗ್ರಿ?

1956ರ ಯುಜಿಸಿ ಕಾಯಿದೆಯ 22ನೇ ಕಲಮಿನ ಪ್ರಕಾರ ಕಾಯಿದೆಯಿಂದ ಹುಟ್ಟಿದ ವಿಶ್ವವಿದ್ಯಾಲಯ, ಡೀಮ್ಡ್ ವಿಶ್ವವಿದ್ಯಾಲಯ, ಇಲ್ಲವೇ ಪಾರ್ಲಿಮೆಂಟು ಅಧಿಕಾರ ಕೊಟ್ಟ ಸಂಸ್ಥೆ ಮಾತ್ರ ಡಿಗ್ರಿ ಕೊಡಬಹುದು. ಸೆಮಿನರಿ ಓದಿನ ಹಳೇ ಬೇರು ಬಂಗಾಳದ ಸೆರಾಂಪುರದಲ್ಲಿದೆ. ಅಲ್ಲಿ 1818ರಲ್ಲಿ ಕಾಲೇಜು ಹುಟ್ಟಿತು. 1827ರಲ್ಲಿ ಡೆನ್ಮಾರ್ಕ್ ದೊರೆ ಸನ್ನದು ಕೊಟ್ಟ. 1918ರಲ್ಲಿ ಬಂಗಾಳದ ಶಾಸನಸಭೆ ಕಾಯಿದೆ ಮಾಡಿತು. 1910ರಲ್ಲಿ ಶುರುವಾದ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು, ಮಂಗಳೂರಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಈ ಸೆರಾಂಪುರದ ಸೆನೆಟ್ಟಿಗೆ ಸೇರಿದವು.

ಎರಡನೇ ಮುದ್ರೆ 1970ರಲ್ಲಿ ಹುಟ್ಟಿದ ಏಷ್ಯಾ ಥಿಯಲಾಜಿಕಲ್ ಅಸೋಸಿಯೇಷನ್‌ನದು. ಇದು ಸೆಮಿನರಿಗಳು ತಮ್ಮತಮ್ಮಲ್ಲಿ ಕೊಟ್ಟುಕೊಳ್ಳುವ ಮಾನ್ಯತೆ. ಪಾಠ ಚೆನ್ನಾಗಿರಬಹುದು, ಚರ್ಚು ಒಪ್ಪಬಹುದು, ಪರದೇಶದ ಸೆಮಿನರಿಯೂ ಒಪ್ಪಬಹುದು. ಆದರೆ ಅದರ ಹಿಂದೆ ಸರ್ಕಾರದ ಕಾಯಿದೆ ಇಲ್ಲ. ಮೂರನೇ ಬಗೆ, ಯಾವ ಮುದ್ರೆಯೂ ಇಲ್ಲದ ಬೈಬಲ್ ಶಾಲೆಗಳು. ಬಾಡಿಗೆ ಮನೆ, ಒಂದು ಬೋರ್ಡು, ಕೊನೆಗೆ ಗೌನು ಹಾಕಿ ಒಂದು ಫೋಟೋ. ಫೋಟೋದಲ್ಲಿ ಮೂರೂ ಗೌನು ಒಂದೇ ಥರ ಕಾಣ್ತವೆ. ಬಿ.ಎಡ್.ಗೋ ಕೆಪಿಎಸ್‌ಸಿಗೋ ಅರ್ಜಿ ಹಾಕಿದ ದಿನ ವ್ಯತ್ಯಾಸ ಗೊತ್ತಾಗುತ್ತೆ. ಅಷ್ಟೊತ್ತಿಗೆ ಮೂರು ನಾಲ್ಕು ವರ್ಷ ಹೋಗಿರ್ತವೆ.

ಮೇಲ್ಜಾತಿಯ ಹುಡುಗನಿಗೆ ಇದು ಒಂದು ನಷ್ಟ. ನಮಗೆ ಎರಡು. 1950ರ ರಾಷ್ಟ್ರಪತಿ ಆಜ್ಞೆ ಪರಿಶಿಷ್ಟ ಜಾತಿಯನ್ನು ಹಿಂದೂಗಳಿಗೆ ಕಟ್ಟಿಹಾಕಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರು. ಕ್ರಿಶ್ಚಿಯನ್ ಆದ ಹೊಲೆಯ ಮಾದಿಗ ಹೊರಗೇ ಉಳಿದ. ಧರ್ಮ ಬದಲಾದರೆ ಊರಿನ ಬಾವಿ, ಹೋಟೆಲಿನ ಲೋಟ ಬದಲಾಗಲ್ಲ ಅನ್ನೋದು ಎಲ್ಲರಿಗೂ ಗೊತ್ತು. ರಂಗನಾಥ ಮಿಶ್ರಾ ಆಯೋಗ 2007ರಲ್ಲಿ ಈ ಕಟ್ಟು ಬಿಚ್ಚಿ ಅಂತ ಹೇಳಿತು. 2022ರಲ್ಲಿ ಕೇಂದ್ರ ಸರ್ಕಾರ ಬಾಲಕೃಷ್ಣನ್ ಆಯೋಗ ಅಂತ ಇನ್ನೊಂದನ್ನು ನೇಮಿಸಿತು. ಆಯೋಗದ ಮೇಲೆ ಆಯೋಗ! ಹೀಗಾಗಿ ಸೆಮಿನರಿಗೆ ಹೋದ ನಮ್ಮ ಹುಡುಗನ ಒಂದು ಕೈಯಿಂದ ಜಾತಿ ಸರ್ಟಿಫಿಕೇಟು ಜಾರುತ್ತೆ. ಇನ್ನೊಂದು ಕೈಗೆ ಬಂದ ಡಿಗ್ರಿಯೂ ನಡೆಯದಿದ್ದರೆ ಅವನು ಯಾವ ಬಾಗಿಲು ತಟ್ಟಬೇಕು?

ಸೆಮಿನರಿಗಳ ಒಳಗೆ ಜಾತಿಯ ಪ್ರಶ್ನೆ ಏಳಲಿಲ್ಲ ಅಂತಲ್ಲ. 1981ರಲ್ಲಿ ಇದೇ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನ ಸಭೆಯಲ್ಲಿ ಅರವಿಂದ ನಿರ್ಮಲ್ ಅವರು ಎದ್ದು ನಿಂತು, ಭಾರತದ ಕ್ರೈಸ್ತ ಧರ್ಮಶಾಸ್ತ್ರ ಮೇಲ್ಜಾತಿಯ ವೇದಾಂತವನ್ನೇ ಹೊತ್ತು ತಿರುಗ್ತಿದೆ, ನಮ್ಮ ಜನರ ನೋವು ಅದರಲ್ಲಿ ಎಲ್ಲಿದೆ ಎಂಬ ಪ್ರಶ್ನೆ ಎತ್ತಿದರು. ದಲಿತ ಧರ್ಮಶಾಸ್ತ್ರ ಬೆಳೆದದ್ದು ಅಲ್ಲಿಂದ. ಪುಸ್ತಕಗಳಾದವು, ಡಾಕ್ಟರೇಟುಗಳಾದವು. ಪುಸ್ತಕದಲ್ಲಿ ದಲಿತ ಬಂದ, ಸರಿ. ಲೆಕ್ಕದ ಪುಸ್ತಕದಲ್ಲಿ ಬಂದನಾ?

ಲೆಕ್ಕ ಕೇಳುವುದು ಹೊಸ ಮಾತಲ್ಲ. ಅಮೆರಿಕ, ಕೆನಡಾದ ಸೆಮಿನರಿಗಳಿಗೆ ಮಾನ್ಯತೆ ಕೊಡುವ ಅಸೋಸಿಯೇಷನ್ ಆಫ್ ಥಿಯಲಾಜಿಕಲ್ ಸ್ಕೂಲ್ಸ್, ಎಷ್ಟು ಜನ ಓದು ಮುಗಿಸಿದರು, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು ಅನ್ನೋದನ್ನ ಜನರ ಮುಂದೆ ಇಡಬೇಕು ಅಂತ ನಿಯಮ ಮಾಡಿದೆ. ನಮ್ಮ ಬೇರೆ ಕಾಲೇಜುಗಳನ್ನು ಅಳೆಯಲು 1994ರಲ್ಲಿ ಹುಟ್ಟಿದ ನ್ಯಾಕ್ ಕೂಡ ವಿದ್ಯಾರ್ಥಿ ಮುಂದೆ ಏನಾದ ಅಂತ ಕೇಳುತ್ತೆ. ಹಾಗಂತ ಬರೀ ಗ್ರೇಡು ನಂಬಿ ಕೂರುವಂತಿಲ್ಲ. 2025ರ ಫೆಬ್ರವರಿಯಲ್ಲಿ ಲಂಚದ ಆರೋಪದ ಮೇಲೆ ನ್ಯಾಕ್ ತಪಾಸಣಾ ತಂಡದವರನ್ನೇ ಸಿಬಿಐ ಹಿಡಿಯಿತು. ಮುದ್ರೆ ಬೇಕು, ಮುದ್ರೆಯ ಜೊತೆ ಲೆಕ್ಕವೂ ಬೇಕು.

ಆದ್ದರಿಂದ ಸೆಮಿನರಿ ಬಾಗಿಲಿಗೆ ಹೋಗುವ ಗೆಳೆಯರೇ, ಫಾರಂ ತುಂಬುವ ಮುಂಚೆ ನಾಲ್ಕು ಮಾತು ಕೇಳಿ, ಉತ್ತರವನ್ನು ಬರಹದಲ್ಲಿ ತಗೊಳ್ಳಿ. ಡಿಗ್ರಿ ಕೊಡೋರು ಯಾರು, ಯಾವ ಕಾಯಿದೆ ಮೇಲೆ? ಐದು ವರ್ಷದ ಹಿಂದೆ ಸೇರಿದವರಲ್ಲಿ ಎಷ್ಟು ಜನ ಮುಗಿಸಿದರು? ಅವರೀಗ ಎಲ್ಲಿದ್ದಾರೆ, ಸಂಬಳ ಎಷ್ಟು? ಅವರಲ್ಲಿ ನಮ್ಮ ಕೇರಿಯವರೆಷ್ಟು, ಹೆಣ್ಣುಮಕ್ಕಳೆಷ್ಟು, ಪಾಠ ಹೇಳುವ ಕುರ್ಚಿಯಲ್ಲಿ ನಮ್ಮವರೆಷ್ಟು?

ಕೇಳಿದರೆ ವಿಶ್ವಾಸ ಕಮ್ಮಿ ಅಂತಾರೆ. ಅನ್ನಲಿ. ದೇವರ ಮೇಲಿನ ವಿಶ್ವಾಸಕ್ಕೆ ರಸೀತಿ ಬೇಡ. ಆಫೀಸಿನಲ್ಲಿ ಕಟ್ಟಿದ ಫೀಸಿಗೆ, ಕೊಟ್ಟ ವಯಸ್ಸಿಗೆ ರಸೀತಿ ಬೇಕು. ಅದನ್ನು ಧೈರ್ಯವಾಗಿ ಕೊಡುವ ಸೆಮಿನರಿಗೆ ಧೈರ್ಯವಾಗಿ ಹೋಗಿ. ಕೊಡದಿದ್ದರೆ ಫಾರಂ ವಾಪಸ್ ಇಸಕೊಂಡು ಬನ್ನಿ.

ಜೈ ಭೀಮ್.