ಉಮಿಯ ಬೂದಿ

ಭತ್ತ ಬೆಳೆಯುವ ನಾಡಿನಲ್ಲಿ ಉಮಿಗೆ ಬೆಲೆಯಿಲ್ಲ. ಅಕ್ಕಿ ಮನುಷ್ಯನಿಗೆ, ತೌಡು ಹಸುವಿಗೆ, ಹುಲ್ಲು ಎತ್ತಿಗೆ. ಉಮಿ ಮಾತ್ರ ಒಲೆಗೆ. ದನಗಳೂ ಅದನ್ನು ಮೂಸಿ ಬಿಟ್ಟುಬಿಡುತ್ತವೆ. ಅವುಗಳದು ತಪ್ಪಲ್ಲ. ಭತ್ತದ ಪೈರು ಮಣ್ಣಿನಿಂದ ಸಿಲಿಕವನ್ನು ಹೀರಿ ಕಾಳಿನ ಹೊರಕವಚದಲ್ಲಿ ತುಂಬಿಕೊಳ್ಳುತ್ತದೆ. ಮರಳಿನ ಮುಖ್ಯ ವಸ್ತುವೇ ಈ ಸಿಲಿಕ. ಹಿಂದಿನವರು ಉಮಿಕರಿಯಿಂದ ಹಲ್ಲುಜ್ಜುತ್ತಿದ್ದರು, ಬೂದಿಯಿಂದ ಪಾತ್ರೆ ತಿಕ್ಕುತ್ತಿದ್ದರು. ಸಿಲಿಕದ ಹೆಸರು ಅವರಿಗೆ ತಿಳಿದಿರಲಿಲ್ಲ. ಗುಣ ಮಾತ್ರ ಚೆನ್ನಾಗಿ ತಿಳಿದಿತ್ತು.

ಸಾವಿರ ಕಿಲೋಗ್ರಾಂ ಭತ್ತವನ್ನು ಗಿರಣಿಗೆ ಹಾಕಿದರೆ ಸುಮಾರು 200 ಕಿಲೋಗ್ರಾಂ ಉಮಿ ಹೊರಬೀಳುತ್ತದೆ. ಅದನ್ನು ಸುಟ್ಟರೆ ಸುಮಾರು 40 ಕಿಲೋಗ್ರಾಂ ಬೂದಿ ಉಳಿಯುತ್ತದೆ. ಗಂಗಾವತಿ, ಸಿಂಧನೂರುಗಳಂತಹ ಭತ್ತದ ಸೀಮೆಯಲ್ಲಿ ಗಿರಣಿಗಳ ಸಂಖ್ಯೆಯನ್ನು ನೆನೆದರೆ ಈ ಬೂದಿಯ ರಾಶಿ ಎಷ್ಟಾದೀತೆಂಬುದನ್ನು ಊಹಿಸಬಹುದು. ಅದು ಬಲು ಹಗುರ. ಬಯಲಿನಲ್ಲಿ ಸುರಿದರೆ ಗಾಳಿಗೆ ಹಾರಿ ಮನೆಯಂಗಳಕ್ಕೂ ಒಣಗಲು ಹಾಕಿದ ಬಟ್ಟೆಗೂ ಕಣ್ಣಿಗೂ ಬೀಳುತ್ತದೆ. ಇಂತಹ ಬೂದಿಯನ್ನು ಕಸವೆಂದು ಎಣಿಸುವುದು ದೊಡ್ಡ ಅವಿವೇಕ.

ಆ ಗದ್ದೆಗಳಿಗೆ ನೀರುಣಿಸುವ ತುಂಗಭದ್ರಾ ಅಣೆಕಟ್ಟನ್ನೇ ನೋಡಬಹುದು. 1953ರಲ್ಲಿ ಪೂರ್ಣಗೊಂಡ ಆ ಕಟ್ಟಡದ ಕಲ್ಲುಗಳನ್ನು ಬೆಸೆದದ್ದು ಸುರ್ಕಿ ಗಾರೆ. ಎಂದರೆ ಸುಟ್ಟ ಜೇಡಿಮಣ್ಣಿನ ಪುಡಿ ಮತ್ತು ಸುಣ್ಣದ ಮಿಶ್ರಣ. ಕನ್ನಂಬಾಡಿಯಲ್ಲಿಯೂ ಸುರ್ಕಿಯನ್ನು ಬಳಸಿದರು. ಇಟಲಿಯ ಪೊಟ್ಸುವೋಲಿ ಎಂಬ ಊರಿನ ಬಳಿ ದೊರೆಯುವ ಜ್ವಾಲಾಮುಖಿಯ ಬೂದಿಯನ್ನು ರೋಮನರು ಸುಣ್ಣದೊಡನೆ ಕಲಸಿ, ಸಮುದ್ರದ ನೀರಿಗೂ ಕರಗದ ಬಂದರುಗಳನ್ನು ಕಟ್ಟಿದರು. ಈ ಎಲ್ಲ ಪುಡಿಗಳ ಸ್ವಭಾವ ಒಂದೇ: ನೀರು ಮತ್ತು ಸುಣ್ಣ ಸೇರಿದೊಡನೆ ಅವುಗಳ ಸಿಲಿಕವು ಸುಣ್ಣವನ್ನು ಹಿಡಿದು ಗಟ್ಟಿಯಾಗತೊಡಗುತ್ತದೆ.

ಉಮಿಯ ಬೂದಿ ಮಾಡುವುದೂ ಇದನ್ನೇ. ಸಿಮೆಂಟು ನೀರಿನೊಡನೆ ಕೂಡಿ ಗಟ್ಟಿಯಾಗುವಾಗ ಸ್ವಲ್ಪ ಸುಣ್ಣವನ್ನು ಹೊರಬಿಡುತ್ತದೆ. ಕಾಂಕ್ರೀಟಿನ ಬಲಕ್ಕೆ ಈ ಸುಣ್ಣದಿಂದ ಹೆಚ್ಚಿನ ಪ್ರಯೋಜನವಿಲ್ಲ. ನುಣ್ಣಗೆ ಅರೆದ ಬೂದಿಯು ಅದನ್ನೇ ಬಳಸಿಕೊಂಡು ಹೊಸ ಬಂಧವಸ್ತುವನ್ನು ನಿರ್ಮಿಸುತ್ತದೆ. ಸೂಕ್ಷ್ಮ ರಂಧ್ರಗಳನ್ನು ಮುಚ್ಚುತ್ತದೆ. ನೀರೂ ಉಪ್ಪೂ ಒಳಗೆ ನುಸುಳುವುದು ಕಷ್ಟವಾಗುವುದರಿಂದ ಒಳಗಿನ ಕಬ್ಬಿಣಕ್ಕೆ ಬೇಗ ತುಕ್ಕು ಹಿಡಿಯುವುದಿಲ್ಲ. ಕರಾವಳಿಯ ಮನೆಗಳಿಗೆ ಇದಕ್ಕಿಂತ ಉಪಕಾರ ಬೇರೇನು ಬೇಕು? ಸಿಮೆಂಟಿನಲ್ಲಿ ನೂರಕ್ಕೆ 10ರಿಂದ 15 ಪಾಲನ್ನು ತೆಗೆದು, ಆ ಜಾಗಕ್ಕೆ ಒಳ್ಳೆಯ ಬೂದಿಯನ್ನು ಸೇರಿಸಬಹುದು. ಸುಣ್ಣಕಲ್ಲನ್ನು ಸುಟ್ಟು ಸಿಮೆಂಟು ತಯಾರಿಸುವಾಗ ಹೊರಬರುವ ಇಂಗಾಲದ ಡೈಆಕ್ಸೈಡೂ ಅಷ್ಟರಮಟ್ಟಿಗೆ ತಗ್ಗುತ್ತದೆ.

ಆದರೆ ‘ಒಳ್ಳೆಯ’ ಎಂಬ ಮಾತನ್ನು ಮರೆಯುವಂತಿಲ್ಲ. ಗಿರಣಿಯ ಕುಲುಮೆಯಿಂದ ಗುದ್ದಲಿಯಲ್ಲಿ ಬಾಚಿ ತಂದ ಬೂದಿಯೆಲ್ಲ ಈ ಕೆಲಸಕ್ಕೆ ಒದಗದು. ಉರಿ ಸುಮಾರು 700 ಡಿಗ್ರಿ ಸೆಲ್ಸಿಯಸ್ ಮೀರಿ ಬಹಳ ಹೊತ್ತು ಉಳಿದರೆ ಸಿಲಿಕವು ಹರಳುಗಟ್ಟಿ ಜಡವಾಗುತ್ತದೆ. ಅದರ ಧೂಳು ಶ್ವಾಸಕೋಶಕ್ಕೂ ಕೇಡು. ಸರಿಯಾಗಿ ಉರಿಯದಿದ್ದರೆ ಕಪ್ಪು ಇಂಗಾಲ ಉಳಿದು ಕಾಂಕ್ರೀಟು ಹೆಚ್ಚು ನೀರನ್ನು ಬೇಡುತ್ತದೆ. ಹೆಚ್ಚು ನೀರು ಸುರಿದರೆ ಬಲ ಕುಗ್ಗುವುದೆಂದು ಅನುಭವಸ್ಥ ಗಾರೆ ಕೆಲಸಗಾರನೂ ಬಲ್ಲ. ಅಮೆರಿಕದ ಬರ್ಕ್ಲಿಯಲ್ಲಿ ಭಾರತ ಮೂಲದ ವಿಜ್ಞಾನಿ ಪಿ. ಕೆ. ಮೆಹ್ತಾ ಅವರು 1970ರ ದಶಕದಲ್ಲಿ ಈ ಬೂದಿಯ ಮೇಲೆ ನಡೆಸಿದ ಸಂಶೋಧನೆ ಹತೋಟಿಯ ಉರಿಯ ಮಹತ್ವವನ್ನು ಎತ್ತಿ ತೋರಿಸಿತು. ಭಾರತದ ಕಾಂಕ್ರೀಟು ಸಂಹಿತೆಯೂ 2000ದ ಪರಿಷ್ಕರಣದಲ್ಲಿ, ಗುಣಮಟ್ಟವುಳ್ಳ ಉಮಿಬೂದಿಯ ಬಳಕೆಗೆ ಅವಕಾಶ ಕೊಟ್ಟಿದೆ.

ಹಾಗಿದ್ದರೆ ಕೊರತೆಯಿರುವುದು ವಿದ್ಯೆಯಲ್ಲಲ್ಲ, ವ್ಯವಸ್ಥೆಯಲ್ಲಿ. ಬಿಡಿ ಗಿರಣಿಯವನಿಗೆ ಕುಲುಮೆಯನ್ನು ಸುಧಾರಿಸುವ, ಬೂದಿಯನ್ನು ಅರೆಯುವ ಖರ್ಚು ಭಾರವೇ ಸರಿ. ಹತ್ತಾರು ಗಿರಣಿಗಳು ಕೂಡಿ ಒಂದು ಕುಲುಮೆ, ಒಂದು ಅರೆಯುವ ಯಂತ್ರ ಇಟ್ಟುಕೊಂಡರೆ ಆ ಭಾರ ಹಂಚಿಹೋಗುತ್ತದೆ. ಮೊದಲೇ ಮಹಡಿಗಳಿಗೆ ಕೈಹಾಕಬೇಕಾಗಿಲ್ಲ. ಕಾಲುವೆಯ ಹಾಸುಗಲ್ಲು, ಹಳ್ಳಿಯ ಚರಂಡಿ ಸಾಕು. ಹತ್ತಿರದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಬೂದಿ ಬೆರೆತ ಹಾಗೂ ಬೆರೆಯದ ಕಾಂಕ್ರೀಟಿನ 15 ಸೆಂಟಿಮೀಟರ್ ಘನಗಳನ್ನು ಅಚ್ಚುಹಾಕಿ, 28 ದಿನ ನೀರಿನಲ್ಲಿಟ್ಟು, ಯಂತ್ರದಲ್ಲಿ ಒತ್ತಿ ಒಡೆದು ನೋಡಲಿ. ಯಾವ ಘನ ಹೆಚ್ಚು ಭಾರ ತಾಳಿತೆಂಬುದನ್ನು ಗಿರಣಿಯವನೂ ಗುತ್ತಿಗೆದಾರನೂ ಅಲ್ಲಿಯೇ ನಿಂತು ನೋಡಲಿ.