ಪ್ರಜಾಪ್ರಭುತ್ವವನ್ನು ರೂಪಿಸಿದವರೂ ನಮ್ಮ ತರಗತಿಯ ಗುಂಪುಗಳೂ

ನಮ್ಮ ಪಾಠಶಾಲೆಯ ಹಿತಚಿಂತಕರಾದ ತಾಯಿತಂದೆಗಳಲ್ಲಿ ಕೆಲವರು ಈ ವರ್ಷ ನಮ್ಮ ಮುಂದೆ ಒಂದು ಪ್ರಶ್ನೆಯನ್ನು ಇಟ್ಟಿರುತ್ತಾರೆ. ಒಂಬತ್ತನೆಯ ತರಗತಿಯ ಹುಡುಗಿಯರು ಆರು ಗುಂಪುಗಳಾಗಿ, ಪ್ರಜಾಪ್ರಭುತ್ವವನ್ನು ರೂಪಿಸಿದ ವ್ಯಕ್ತಿಗಳನ್ನು ಕುರಿತು ತರಗತಿಯ ಮುಂದೆ ನಿಂತು ವಿಷಯವನ್ನು ಮಂಡಿಸಬೇಕೆಂದು ಗೊತ್ತುಮಾಡಿದ್ದೆವಷ್ಟೆ. ಇದಕ್ಕಾಗಿ ಹನ್ನೆರಡು ಪಾಠದ ವೇಳೆಗಳು ಕಳೆದುವು. ಪರೀಕ್ಷೆಯಲ್ಲಿ ಕೇಳದ ಸಂಗತಿಗಳಿಗಾಗಿ ಇಷ್ಟು ಕಾಲವನ್ನು ವ್ಯಯಮಾಡುವುದು ಯುಕ್ತವೇ, ಗುಂಪಿನಲ್ಲಿ ಒಬ್ಬಳು ದುಡಿದು ಐವರು ಅಂಕಗಳನ್ನು ಪಡೆಯುವುದು ನ್ಯಾಯವೇ ಎಂಬದೇ ಅವರ ಪ್ರಶ್ನೆ. ಪ್ರಶ್ನೆಯು ಸದುದ್ದೇಶದಿಂದ ಬಂದದ್ದಾದ್ದರಿಂದ ಅದಕ್ಕೆ ಸವಿಸ್ತಾರವಾದ ಉತ್ತರವನ್ನು ಕೊಡುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಮೊದಲು, ಹುಡುಗಿಯರು ಏನು ಮಾಡಿದರೆಂಬದನ್ನು ಹೇಳುವುದು ಉಚಿತ. ವಿಷಯವನ್ನು ಕೊಟ್ಟ ದಿನ ಆರು ಗುಂಪುಗಳಲ್ಲಿ ಐದು ಗುಂಪುಗಳು ಕೇಳಿದ್ದು ಗಾಂಧೀಜಿ, ಅಂಬೇಡ್ಕರ್, ಲಿಂಕನ್ ಎಂಬ ಮೂರೇ ಹೆಸರುಗಳನ್ನು. ಇವರು ಮಹನೀಯರೆಂಬದರಲ್ಲಿ ಸಂಶಯವಿಲ್ಲ. ಆದರೆ ಪ್ರತಿಯೊಂದು ಗುಂಪೂ ತನ್ನ ಪಠ್ಯಪುಸ್ತಕದಲ್ಲಿ ಹೆಸರಿಲ್ಲದ ಒಬ್ಬರನ್ನಾದರೂ ಹುಡುಕಿ ತರತಕ್ಕದ್ದೆಂದು ಉಪಾಧ್ಯಾಯಿನಿಯರು ನಿಯಮವನ್ನು ಮಾಡಿದರು. ಈ ಒಂದು ನಿಯಮದಿಂದಲೇ ಬಹಳ ಪ್ರಯೋಜನವಾಯಿತೆಂದು ನಮಗೆ ತೋರುತ್ತದೆ.

ಒಂದು ಗುಂಪಿನವರು ನ್ಯೂಜಿಲೆಂಡಿನ ಕೇಟ್ ಶೆಪರ್ಡ್ ಎಂಬಾಕೆಯ ವೃತ್ತಾಂತವನ್ನು ತಂದರು. ಸ್ತ್ರೀಯರಿಗೆ ಮತಾಧಿಕಾರ ಬೇಕೆಂದು ಆಕೆಯೂ ಆಕೆಯ ಸಂಗಡಿಗರೂ ೧೮೯೧ರಲ್ಲಿ ಸುಮಾರು ೯,೦೦೦ ಸಹಿಗಳನ್ನು ಕೂಡಿಸಿದರು; ಸಾಗಲಿಲ್ಲ. ೧೮೯೨ರಲ್ಲಿ ಸುಮಾರು ೨೦,೦೦೦ ಕೂಡಿಸಿದರು, ಆಗಲೂ ಸಾಗಲಿಲ್ಲ. ೧೮೯೩ರಲ್ಲಿ ೩೨,೦೦೦ದ ಸಮೀಪದಷ್ಟು ಸಹಿಗಳಾದುವು. ಮುಖ್ಯವಾದ ಅರ್ಜಿಯ ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ ಸುರುಳಿಯಾಗಿ ಸುತ್ತಿ ಶಾಸನಸಭೆಗೆ ಒಯ್ದರು. ಅದೇ ವರ್ಷ ಸೆಪ್ಟೆಂಬರ್ ೧೯ರಂದು ಆ ದೇಶದ ಸ್ತ್ರೀಯರಿಗೆ ಮತಾಧಿಕಾರವು ಶಾಸನಬದ್ಧವಾಯಿತು. ಮನೆಮನೆಯ ಬಾಗಿಲನ್ನು ತಟ್ಟಿ ಸಹಿ ಕೇಳುವುದು, ಹಾಳೆಗೆ ಹಾಳೆ ಅಂಟಿಸುವುದು, ಸೋತ ಮೇಲೆ ಪುನಃ ಮೊದಲಿಂದ ಆರಂಭಿಸುವುದು, ಇಂತಹ ಬೇಸರದ ಕೆಲಸದಿಂದಲೂ ಚರಿತ್ರೆಯು ಹುಟ್ಟುತ್ತದೆಂದು ನಮ್ಮ ಹುಡುಗಿಯರು ಕಂಡುಕೊಂಡರು.

ಇನ್ನೊಂದು ಗುಂಪಿನವರು ನಮ್ಮ ಸಂವಿಧಾನ ಸಭೆಯ ಹದಿನೈದು ಮಂದಿ ಸ್ತ್ರೀಸದಸ್ಯರಲ್ಲಿ ಇಬ್ಬರನ್ನು ಆರಿಸಿದರು. ಹಂಸಾ ಮೆಹತಾ ಅವರು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಆಯೋಗದಲ್ಲಿ ಕುಳಿತಿದ್ದಾಗ, ೧೯೪೮ರ ಘೋಷಣೆಯ ಮೊದಲನೆಯ ವಿಧಿಯಲ್ಲಿ ಪುರುಷರನ್ನು ಮಾತ್ರ ಸೂಚಿಸಬಹುದಾಗಿದ್ದ ಶಬ್ದವನ್ನು ತೆಗೆಯಿಸಿ, ಮನುಷ್ಯರೆಲ್ಲರನ್ನೂ ಒಳಗೊಳ್ಳುವ ಶಬ್ದವನ್ನು ಹಾಕಿಸಿದರು. ದಾಕ್ಷಾಯಣಿ ವೇಲಾಯುಧನ್ ಅವರು ಆ ಸಭೆಯಲ್ಲಿದ್ದ ಏಕಮಾತ್ರ ದಲಿತ ಸ್ತ್ರೀ. ೧೯೧೨ರಲ್ಲಿ ಹುಟ್ಟಿದ ಅವರು ಸಭೆಗೆ ಬರುವ ಮೊದಲು ನಮ್ಮಂತೆಯೇ ಶಾಲೆಯಲ್ಲಿ ಪಾಠ ಹೇಳಿದವರು. ಈ ಸಂಗತಿಯನ್ನು ಕೇಳಿದಾಗ ಉಪಾಧ್ಯಾಯಿನಿಯರಾದ ನಮಗೂ ಸಂತೋಷವಾಯಿತೆಂದು ಹೇಳಲು ಸಂಕೋಚವಿಲ್ಲ.

ಆದರೆ ತರಗತಿಯನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಲಕಿದ್ದು ಸುಕುಮಾರ ಸೇನರ ವಿಷಯ. ಅವರು ನಮ್ಮ ದೇಶದ ಮೊದಲನೆಯ ಮುಖ್ಯ ಚುನಾವಣಾ ಆಯುಕ್ತರು. ೧೯೫೧–೫೨ರ ಮೊದಲನೆಯ ಮಹಾಚುನಾವಣೆಗಾಗಿ ೧೭ ಕೋಟಿಗೂ ಮಿಕ್ಕಿದ ಮತದಾರರ ಪಟ್ಟಿಯನ್ನು ಸಿದ್ಧಮಾಡಿಸಿದವರು. ಆ ಪಟ್ಟಿಯನ್ನು ಬರೆಯುವಾಗ ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನ ಮೊದಲಾದ ಕಡೆಗಳಲ್ಲಿ ಅನೇಕ ಸ್ತ್ರೀಯರು ತಮ್ಮ ಸ್ವಂತ ಹೆಸರನ್ನು ಹೇಳಲೇ ಇಲ್ಲ. ಇಂತಹವರ ತಾಯಿ, ಇಂತಹವರ ಹೆಂಡತಿ ಎಂದು ಮಾತ್ರ ಬರೆಯಿಸಿದರು. ಸುಮಾರು ೮ ಕೋಟಿ ಸ್ತ್ರೀಮತದಾರರಲ್ಲಿ ೨೮ ಲಕ್ಷದಷ್ಟು ಮಂದಿಯ ದಾಖಲೆಗಳನ್ನು ಈ ಕಾರಣದಿಂದ ಪಟ್ಟಿಯಿಂದ ತೆಗೆಯಬೇಕಾಯಿತು. ಹೀಗೆ ಮಾಡಿದ್ದರಿಂದ ಮುಂದಿನ ಚುನಾವಣೆಯ ಹೊತ್ತಿಗೆ ಆ ರೂಢಿಯು ಸಡಿಲವಾಗುವುದೆಂದು ಸೇನರು ನಂಬಿದ್ದರು.

ಇದನ್ನು ಕೇಳಿದ ಒಬ್ಬ ಹುಡುಗಿ ಎದ್ದು, “ಅಮ್ಮಾ, ಹೆಸರು ಹೇಳದೆ ಇದ್ದದ್ದು ಆ ಹೆಂಗಸರ ತಪ್ಪೋ, ಹೇಳಬಾರದೆಂದು ಕಲಿಸಿದ ಮನೆಯವರ ತಪ್ಪೋ?” ಎಂದು ಕೇಳಿದಳು. ಆ ಗುಂಪಿನೊಳಗೇ ಎರಡು ಅಭಿಪ್ರಾಯಗಳಾದುವು. ನಿಯಮವು ನಿಯಮವೇ, ಹೆಸರಿಲ್ಲದವರಿಗೆ ಮತಪತ್ರವನ್ನು ಕೊಡುವುದು ಹೇಗೆಂದು ಮೂವರು. ಕೇಳಿ ತಿಳಿಯಲು ಸ್ತ್ರೀಯರನ್ನೇ ಕಳುಹಿಸಿದ್ದರೆ ಅವರು ಹೆಸರನ್ನು ಹೇಳುತ್ತಿದ್ದರೆಂದು ಇಬ್ಬರು. ಎರಡನ್ನೂ ಅವರು ತರಗತಿಯ ಮುಂದೆ ಇಟ್ಟರು. ಅಭಿಪ್ರಾಯಭೇದಕ್ಕಾಗಿ ಯಾರ ಅಂಕವನ್ನೂ ಕಡಿಮೆಮಾಡಲಿಲ್ಲ. ಪುಸ್ತಕದಲ್ಲಿ ಉತ್ತರವಿಲ್ಲದ ಪ್ರಶ್ನೆಯನ್ನು ಹದಿನಾಲ್ಕು ವರ್ಷದ ಹುಡುಗಿ ತಾನಾಗಿ ಕೇಳುವಂತಾದರೆ, ಆ ವೇಳೆಯು ವ್ಯರ್ಥವಾಯಿತೆಂದು ನಾವು ಒಪ್ಪಲಾರೆವು.

ಎರಡನೆಯದಾಗಿ, ದೊಡ್ಡವರ ವಿಷಯದಲ್ಲಿ ನಾವು ವಹಿಸಬೇಕಾದ ಎಚ್ಚರಿಕೆಯೊಂದುಂಟು. ಜನ್ಮದಿನದ ಭಾಷಣಗಳನ್ನು ಕೇಳಿ ಬೆಳೆದ ನಮ್ಮ ಮಕ್ಕಳು ಯಾರನ್ನು ಕುರಿತು ಮಾತಾಡಿದರೂ ಸ್ತುತಿಯನ್ನೇ ಮಾಡುತ್ತಾರೆ. ಡಾಕ್ಟರ್ ಅಂಬೇಡ್ಕರರು ೧೯೪೯ನೆಯ ನವೆಂಬರ್ ೨೫ರಂದು ಸಂವಿಧಾನ ಸಭೆಯಲ್ಲಿ ಮಾತಾಡುತ್ತಾ, ಧರ್ಮದಲ್ಲಿ ಭಕ್ತಿಯು ಮೋಕ್ಷದ ದಾರಿಯಾದರೂ ಆಗಬಹುದು, ರಾಜಕೀಯದಲ್ಲಿ ವ್ಯಕ್ತಿಪೂಜೆಯು ಅಧೋಗತಿಗೂ ಕೊನೆಗೆ ಸರ್ವಾಧಿಕಾರಕ್ಕೂ ಒಯ್ಯುತ್ತದೆಂಬ ಅರ್ಥದ ಎಚ್ಚರಿಕೆಯನ್ನು ಕೊಟ್ಟರು. ಅವರನ್ನೇ ಕುರಿತು ಮಂಡಿಸುವ ಗುಂಪು ಅವರ ಈ ಮಾತನ್ನು ಮರೆತು ಬರೀ ಹೊಗಳಿಕೆಯನ್ನು ಓದಿದರೆ, ಅವರಿಗೆ ಗೌರವ ಸಲ್ಲಿಸಿದಂತಾಗಲಾರದು. ಆದಕಾರಣ, ಈ ವ್ಯಕ್ತಿ ಎಲ್ಲಿ ಸೋತರು, ಯಾರು ವಿರೋಧಿಸಿದರು, ಏಕೆ ವಿರೋಧಿಸಿದರು ಎಂಬ ಮೂರು ಪ್ರಶ್ನೆಗಳಿಗೆ ಪ್ರತಿಯೊಂದು ಗುಂಪೂ ಉತ್ತರ ಕೊಡಬೇಕೆಂದು ವಿಧಿಸಿದೆವು. ಮಂಗಳೂರಿನಲ್ಲಿ ೧೯೦೩ರಲ್ಲಿ ಜನಿಸಿದ ಕಮಲಾದೇವಿ ಚಟ್ಟೋಪಾಧ್ಯಾಯರು ೧೯೨೬ರಲ್ಲಿ ಮದರಾಸು ಶಾಸನ ಪರಿಷತ್ತಿನ ಸ್ಥಾನಕ್ಕೆ ನಿಂತು ಅತ್ಯಲ್ಪ ಅಂತರದಿಂದ ಸೋತರು. ಆ ಸೋಲನ್ನು ವಿವರಿಸಿದ ಗುಂಪಿನವರು, ಅವರ ಮುಂದಿನ ಕೀರ್ತಿಯನ್ನು ವಿವರಿಸಿದಾಗಿಗಿಂತ ಹೆಚ್ಚು ಲವಲವಿಕೆಯಿಂದ ಮಾತಾಡಿದರು.

ಮೂರನೆಯದು, ಅಂಕಗಳ ವಿಷಯ. ಇದರಲ್ಲಿ ತಾಯಿತಂದೆಗಳ ಮಾತು ನಿಜವೇ. ಗುಂಪೆಂದೊಡನೆ ಧೈರ್ಯವುಳ್ಳವಳು ಮಾತಾಡುತ್ತಾಳೆ, ಅಕ್ಷರ ಚೆನ್ನಾಗಿರುವವಳು ಚಾರ್ಟನ್ನು ಬರೆಯುತ್ತಾಳೆ, ಅಂಜುಬುರುಕಿಯು ಚಾರ್ಟಿನ ಮೂಲೆಯನ್ನು ಹಿಡಿದು ನಿಲ್ಲುತ್ತಾಳೆ. ಮೊಬೈಲಿನಿಂದ ತೆಗೆದು ಹಾಗೆಯೇ ಒಪ್ಪಿಸುವುದೂ ಉಂಟು. ಇದಕ್ಕೆ ಪರಿಹಾರವು ಗುಂಪನ್ನು ಮುರಿಯುವುದಲ್ಲ, ಗುಂಪನ್ನು ತಿದ್ದುವುದು. ಯಾರು ಯಾವ ಭಾಗವನ್ನು ಹೇಳಬೇಕೆಂಬದನ್ನು ಆ ಹೊತ್ತಿಗೇ ಚೀಟಿಯೆತ್ತಿ ನಿರ್ಣಯಿಸುತ್ತೇವೆ. ಆದ್ದರಿಂದ ಎಲ್ಲರೂ ಎಲ್ಲವನ್ನೂ ಓದಿಕೊಂಡೇ ಬರಬೇಕು. ಪ್ರತಿಯೊಬ್ಬಳಿಗೂ ಒಂದು ಪ್ರಶ್ನೆಯುಂಟು, ಅರ್ಧ ಅಂಕಗಳು ಅವಳ ಉತ್ತರಕ್ಕೇ. ಗುಂಪಿನಲ್ಲಿ ಒಬ್ಬಳೇ ಭಿನ್ನಾಭಿಪ್ರಾಯದವಳಿದ್ದರೂ ಅದನ್ನು ಬಿಡದೆ ಹೇಳತಕ್ಕದ್ದು. ಜೋರಾದ ಸ್ವರದವಳು ಕಾಯಬೇಕು, ಮೆಲ್ಲನೆಯ ಸ್ವರದವಳ ಮಾತನ್ನು ಎಲ್ಲರೂ ಕೇಳಬೇಕು. ಪ್ರಜಾಪ್ರಭುತ್ವವೆಂಬ ಪಾಠದ ಮುಖ್ಯ ಭಾಗವೇ ಇದು. ಇದನ್ನು ಬರೀ ಪುಸ್ತಕದಿಂದ ಕಲಿಸುವ ಉಪಾಯವನ್ನು ನಾವು ಇದುವರೆಗೆ ಕಂಡಿಲ್ಲ.

ಹನ್ನೆರಡು ವೇಳೆಗಳು ಹೋದುವೆಂಬದು ಸತ್ಯ. ಅವುಗಳಲ್ಲಿ ಎಂಟನ್ನು ಶನಿವಾರಗಳಲ್ಲಿ ತುಂಬಿಸಿಕೊಂಡೆವು. ಉಳಿದ ನಾಲ್ಕರ ನಷ್ಟವನ್ನು ಸಹಿಸಬೇಕೆಂದು ನಮ್ಮ ಅಭಿಪ್ರಾಯ. ಯಾಕಂದರೆ, ಮತದಾನದ ವಯಸ್ಸು ೧೯೮೯ರಿಂದ ೧೮ ವರ್ಷಕ್ಕೆ ಇಳಿದಿರುತ್ತದೆ. ಇಂದು ಒಂಬತ್ತನೆಯ ತರಗತಿಯಲ್ಲಿರುವವಳು ನಾಲ್ಕೈದು ವರ್ಷಗಳಲ್ಲಿ ಮತದಾರಳಾಗುತ್ತಾಳೆ. ಅಬ್ದುಲ್ ನಜೀರ್ ಸಾಬರನ್ನು ಕುರಿತು ಮಂಡಿಸಿದ ಗುಂಪು ಹೇಳಿದಂತೆ, ನಮ್ಮ ರಾಜ್ಯದ ೧೯೮೩ರ ಪಂಚಾಯತಿ ಶಾಸನವು ನೂರಕ್ಕೆ ೨೫ ಸ್ಥಾನಗಳನ್ನು ಸ್ತ್ರೀಯರಿಗೆ ಮೀಸಲಿಟ್ಟಿತು, ೧೯೯೨ರ ಸಂವಿಧಾನ ತಿದ್ದುಪಡಿಯು ಇಡೀ ದೇಶದಲ್ಲಿ ಮೂರರಲ್ಲಿ ಒಂದು ಪಾಲನ್ನು ಕೊಟ್ಟಿತು, ಈಗ ಕರ್ನಾಟಕದ ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಸ್ತ್ರೀಯರಿಗೆ ಇವೆ. ಸ್ಥಾನವಿದ್ದು ಮಾತಾಡುವ ಅಭ್ಯಾಸವಿಲ್ಲದಿದ್ದರೆ, ಆಕೆಯ ಕುರ್ಚಿಯ ಹಿಂದೆ ನಿಂತು ಗಂಡನೋ ಅಣ್ಣನೋ ಆಡಳಿತವನ್ನು ನಡಿಸುತ್ತಾನೆ. ಇಂತಹದನ್ನು ನಾವೆಲ್ಲರೂ ನೋಡಿದ್ದೇವೆ. ಅದನ್ನು ತಡೆಯುವ ಶಕ್ತಿಯು ಹದಿನಾಲ್ಕನೆಯ ವಯಸ್ಸಿನಲ್ಲಿಯೇ ಬೆಳೆಯಬೇಕು.

ತಾಯಿತಂದೆಗಳಲ್ಲಿ ನಮ್ಮ ಬಿನ್ನಹವಿಷ್ಟೇ: ಮಗಳು ಮನೆಗೆ ಬಂದು ಹಿರಿಯರ ಮುಂದೆ ತನ್ನ ಅಭಿಪ್ರಾಯವನ್ನು ಹೇಳಿದರೆ ಅದನ್ನು ಉದ್ಧಟತನವೆಂದು ಎಣಿಸದೆ, ಕಾರಣವನ್ನು ಕೇಳಿರಿ. ಕಾರಣವು ಸರಿಯಿಲ್ಲದಿದ್ದರೆ ತಿದ್ದಿರಿ. ಬಾಯಿಯನ್ನು ಮಾತ್ರ ಮುಚ್ಚಿಸಬೇಡಿರಿ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಪಂಚಾಯತಿಯ ಸದಸ್ಯರಾಗಿರುವವರೂ ಮತಗಟ್ಟೆಯಲ್ಲಿ ಕೆಲಸಮಾಡಿದ ಉಪಾಧ್ಯಾಯಿನಿಯರೂ ಇರುತ್ತಾರೆ. ಅವರು ಬರುವ ವರ್ಷ ಒಂದು ಮಧ್ಯಾಹ್ನ ಬಂದು, ಪಟ್ಟಿಯನ್ನು ಬರೆಯುವುದು ಹೇಗೆ, ಸಭೆಯಲ್ಲಿ ಎದ್ದುನಿಂತು ಮಾತಾಡಿದಾಗ ಏನಾಯಿತು ಎಂಬದನ್ನು ಈ ಹುಡುಗಿಯರಿಗೆ ತಿಳಿಸಬೇಕೆಂದು ಕೋರುತ್ತೇವೆ. ಮುಂದಿನ ವರ್ಷದ ಗುಂಪುಗಳು ಜೂನ್ ತಿಂಗಳಿನಲ್ಲಿಯೇ ಏರ್ಪಡುವುವು. ಬರಲು ಮನಸ್ಸುಳ್ಳವರು ಅದಕ್ಕೆ ಮುಂಚೆ ನಮಗೆ ಬರೆದು ತಿಳಿಸಿದರೆ ಉಪಕಾರವಾದೀತು.